ದೊಡ್ಡಪ್ಪ ಸವರಿದ ಕಾಲುವೆ ಏರಿ

ಆಗೋದಿಲ್ಲ ಅಂತ ಹೇಳಿದ್ದು ನಮ್ಮ ದೊಡ್ಡಪ್ಪ. ಹೊರಗಿನವರಲ್ಲ, ಅಪ್ಪನ ಒಡಹುಟ್ಟಿದ ಅಣ್ಣ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸರ್ವಿಸ್ ಮುಗಿಸಿದವರು. ರಿಟೈರ್ ಆದ ಮೇಲೂ ಮೊದಲ ಶಿಫ್ಟಿನ ಹೊತ್ತಿಗೇ ಎದ್ದು, ಶೇವ್ ಮಾಡಿಕೊಂಡು, ಎಲ್ಲಿಗೂ ಹೋಗುವುದಕ್ಕಿಲ್ಲದೆ ಜಗುಲಿಯಲ್ಲಿ ಕೂರುವ ಮನುಷ್ಯ. ಬಿ.ಎಸ್ಸಿ. ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಕಾಡು, ಗುಡ್ಡ, ಕಾಲುವೆ ಅಂತ ಒಂದೊಂದು ದಿನದಲ್ಲಿ ನಡೆದು ಬರಬಹುದಾದ ದಾರಿಗಳ ಗಿಡ, ಹುಳು, ಹಕ್ಕಿಗಳನ್ನು ಆರಿಸಿಕೊಂಡಿದ್ದೇನೆ ಅಂತ ಗೊತ್ತಾದಾಗ, ಅವರು ಕಾಫಿ ಲೋಟ ಕೆಳಗಿಟ್ಟರು.

"ತಿರುಗಾಡೋದಕ್ಕೆ ಯಾರಾದ್ರೂ ಡಿಗ್ರಿ ಕೊಡ್ತಾರೇನೇ ಮಾರಾಯ್ತಿ? ನಮ್ಮ ಮನೇಲಿ ಡಿಗ್ರಿ ಅನ್ನೋದು ಆಗೋ ಮಾತಲ್ಲ, ಬಿಡು."

ಹಾಗನ್ನೋದಕ್ಕೆ ಅವರ ಹತ್ತಿರ ಲೆಕ್ಕ ಇತ್ತು. ಅವರು ಹತ್ತನೇ ಕ್ಲಾಸಿಗೆ ನಿಂತಿದ್ದರು, ಅಪ್ಪ ಅಲ್ಲಿಗೂ ಮುಟ್ಟದೆ ಲಗೇಜ್ ಆಟೋ ಹಿಡಿದಿದ್ದರು, ನಮ್ಮಣ್ಣ ಪಿಯುಸಿಯಲ್ಲಿ ಮುಗ್ಗರಿಸಿದ್ದ. ನಾನೂ ಕೆಮಿಸ್ಟ್ರಿಯಲ್ಲಿ ಫೇಲಾಗಿ ಒಂದು ವರ್ಷ ಕಳೆದುಕೊಂಡಿದ್ದೆ. ಈ ಸಲವೂ ಆಗದಿದ್ದರೆ ಶಿವಮೊಗ್ಗದ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರೋದು ಅಂತ ಮನೆಯಲ್ಲಿ ಮಾತಾಗಿತ್ತು. ಅಂಗಡಿಯವರಿಗೂ ಹೇಳಿ ಆಗಿತ್ತು. ಅದು ಬರೀ ಬೆದರಿಕೆ ಆಗಿರಲಿಲ್ಲ.

ಅಮ್ಮ ಮಾತ್ರ ಪ್ರಾಜೆಕ್ಟಿಗೆ ಅಡ್ಡಿ ಮಾಡಲಿಲ್ಲ. ಒಂದೇ ಷರತ್ತು: ಹೆಣ್ಣುಹುಡುಗಿ ಒಬ್ಬಳೇ ಕಾಡಿಗೆ ಹೋಗೋ ಹಾಗಿಲ್ಲ, ಮನೆಯ ಗಂಡಸೊಬ್ಬರು ಜೊತೆಗಿರಬೇಕು. ಅಪ್ಪನಿಗೆ ಆಟೋ, ಅಣ್ಣನಿಗೆ ಡ್ಯೂಟಿ. ಮನೆಯಲ್ಲಿ ಖಾಲಿ ಇದ್ದ ಗಂಡಸು ದೊಡ್ಡಪ್ಪ ಒಬ್ಬರೇ. ಆಗೋದಿಲ್ಲ ಅಂದವರೇ ಕೊಡೆ ಹಿಡಿದು ನನ್ನ ಹಿಂದೆ ಹೊರಟರು.

ಮೊದಲ ಭಾನುವಾರ ಶಿವಮೊಗ್ಗದ ರಾಗಿಗುಡ್ಡ ಹತ್ತಿದೆವು. ಬಿಸಿಲು ಬರುವ ಮೊದಲೇ ಮೇಲಿದ್ದೆವು. ಕೆಳಗೆ ಊರು ಮಂಜಿನಲ್ಲಿ ಮುಳುಗಿ, ಅಲ್ಲೊಂದು ಇಲ್ಲೊಂದು ನೀರಿನ ಟ್ಯಾಂಕ್ ಮಾತ್ರ ತಲೆ ಎತ್ತಿತ್ತು. ನಾನು ಬಂಡೆ ಸಂದಿಯ ಹುಲ್ಲು, ಓತಿಕ್ಯಾತ ಅಂತ ಕುಣಿದಾಡುತ್ತಿದ್ದರೆ ದೊಡ್ಡಪ್ಪ ಮೊಣಕಾಲು ನೀವಿಕೊಳ್ಳುತ್ತಾ, ಓತಿಕ್ಯಾತ ನೋಡೋದಕ್ಕೆ ನಮ್ಮ ಹಿತ್ತಲು ಸಾಲದೇ ಹೋಯ್ತಾ ಅಂತ ಕೇಳಿದರು. ಮಧ್ಯಾಹ್ನ ಕೆಳಗಿಳಿದು ಪಾರ್ಕೊಂದರ ನೆರಳಲ್ಲಿ ಚಿತ್ರಾನ್ನ ತಿಂದು ಅಲ್ಲೇ ಒಂದು ನಿದ್ದೆ ತೆಗೆದರು.

ಅವರು ಬದಲಾಗಿದ್ದು ಕುಂಸಿಯ ಕಡೆ. ಅರಣ್ಯದವರ ಒಪ್ಪಿಗೆ ಪಡೆದು ಕಾಡಂಚಿನ ಗಾಡಿದಾರಿಯಲ್ಲಿ ಹೋಗುತ್ತಿದ್ದೆವು. ನಾನು ಏನೋ ವಿವರಿಸುತ್ತಿದ್ದೆ. ದೊಡ್ಡಪ್ಪ ಕೊಡೆಯಿಂದ ನನ್ನ ಬೆನ್ನಿಗೆ ತಿವಿದು, ಬಾಯಿ ಮುಚ್ಚು ಅಂತ ಸನ್ನೆ ಮಾಡಿದರು. ತಲೆ ಮೇಲಿನ ಕೊಂಬೆಯಲ್ಲಿ ಕೆಂದಳಿಲು. ಮೊಳಕ್ಕೂ ಮಿಕ್ಕ ಬಾಲ, ಮೈಯೆಲ್ಲ ಕಾಯಿಸಿದ ಬೆಲ್ಲದ ಬಣ್ಣ. ಅದು ಒಂದು ಮರದಿಂದ ಇನ್ನೊಂದಕ್ಕೆ ಹಾರಿದಾಗ ನನ್ನ ಎದೆಯೂ ಅದರ ಜೊತೆ ಹಾರಿತು. ದೊಡ್ಡಪ್ಪ ಕತ್ತು ಎತ್ತಿಕೊಂಡೇ ಬಹಳ ಹೊತ್ತು ನಿಂತಿದ್ದರು. ಬರುವ ದಾರಿಯಲ್ಲಿ ಎಮ್ಮೆ ತುಳಿದು ಮುರಿದ ಒಂದು ಗಿಲಕಿ ಗಿಡ ಕಂಡಿತು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವ, ಹಳದಿ ಹೂವಿನ ಗಿಡ. ಬಾಡಿದ ಕಾಂಡಕ್ಕೆ ಎರಡು ಮೂರು ನೀಲಿ ಪಟ್ಟೆಯ ಚಿಟ್ಟೆ ಅಂಟಿಕೊಂಡಿದ್ದವು. ಪಕ್ಕದ ಹೂವನ್ನು ಬಿಟ್ಟು ಬಾಡಿದ ಕಾಂಡಕ್ಕೇ ಯಾಕೆ ಬಂದವು ಅಂತ ನನಗೆ ತಲೆ ಕೆಟ್ಟು, ಇಡೀ ವಾರ ಲೈಬ್ರರಿಯಲ್ಲಿ ಕೂತೆ.

ಅಲ್ಲಿಂದಾಚೆಗೆ ಭಾನುವಾರ ನನಗಿಂತ ಮೊದಲು ದೊಡ್ಡಪ್ಪ ಎದ್ದು ನನ್ನ ಬಾಗಿಲು ಬಡಿಯುತ್ತಿದ್ದರು. ಆದರೂ ಯಾರಾದರೂ ಕೇಳಿದರೆ, ಏನ್ ಮಾಡೋದು, ಹುಡುಗಿ ಕಾಯೋ ಕೆಲಸ ಅನ್ನುತ್ತಿದ್ದರು.

ಪರೀಕ್ಷೆಗೆ ಬೇರೆ ಊರಿನಿಂದ ಮೇಡಂ ಒಬ್ಬರು ಬರುವವರಿದ್ದರು. ಅವರು ನನ್ನ ಜೊತೆ ಒಂದು ದಾರಿ ನಡೆಯಬೇಕು, ನಾನು ಅಲ್ಲಿನ ಜೀವಿಗಳನ್ನು ತೋರಿಸಿ ಹೇಳಬೇಕು. ಪಾಸೋ ಫೇಲೋ ಅಲ್ಲೇ ತೀರ್ಮಾನ. ಅವರು ಆರಿಸಿದ್ದು ಭದ್ರಾವತಿಯ ಹೊರಗಿನ ಕಾಲುವೆ ಏರಿಯನ್ನು. ನನಗೆ ಹಬ್ಬ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಗದ್ದೆ. ಏರಿಯುದ್ದಕ್ಕೂ ಎಕ್ಕದ ಗಿಡ, ಅದರ ಎಲೆ ಮೇಯುವ ಪಟ್ಟೆಹುಳು, ನೀರಿಗೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡು, ಆಳೆತ್ತರ ಬೆಳೆದ ಗಿಲಕಿ ಗಿಡ. ಎಲ್ಲಿ ನಿಲ್ಲಬೇಕು, ಏನು ಹೇಳಬೇಕು, ಎಲ್ಲ ಬಾಯಿಪಾಠ.

ಆ ಬೆಳಗ್ಗೆ ಮೇಡಮ್ಮನ್ನು ಕರೆದುಕೊಂಡು ಏರಿಗೆ ಬಂದೆ. ನೋಡಿದರೆ ಏರಿ ಬೋಳು.

ಎಕ್ಕ ಇಲ್ಲ. ಜಾಲಿಯ ಬಾಗಿದ ಕೊಂಬೆ ಇಲ್ಲ. ಮಣ್ಣು ಕಾಣುವ ಹಾಗೆ ಸವರಿ ಗುಡಿಸಿದ್ದಾರೆ. ಎರಡೂ ಬದಿಯ ಕಲ್ಲುಗಳಿಗೆ ಹೊಸದಾಗಿ ಸುಣ್ಣ ಬಳಿದಿದೆ. ಅದರ ತುದಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ದೊಡ್ಡಪ್ಪ, ಅವರ ಪಕ್ಕ ಅವರ ಜೊತೆಗೇ ರಿಟೈರ್ ಆದ ತಮಿಳು ಮಾಮ, ಅಟೆನ್ಷನ್‌ನಲ್ಲಿ ನಿಂತಿದ್ದಾರೆ.

ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದು ಹೇಳಬೇಕಾಗಿಲ್ಲ. ದೊಡ್ಡ ಸಾಹೇಬರು ಬರುತ್ತಾರೆ ಅಂದರೆ ಮೊದಲು ಹುಲ್ಲು ಸವರಬೇಕು, ಆಮೇಲೆ ಕಲ್ಲಿಗೆ ಸುಣ್ಣ ಬಳಿಯಬೇಕು. ದೊಡ್ಡಪ್ಪನ ಇಡೀ ಆಯುಷ್ಯದಲ್ಲಿ ಇನ್‌ಸ್ಪೆಕ್ಷನ್ ಅಂದರೆ ಅದೇ. ನನಗೆ ಗೊತ್ತಾಗದ ಹಾಗೆ ಎರಡು ದಿನ ಮೊದಲೇ ಕತ್ತಿ ಹಿಡಿದು ಬಂದು, ಇಬ್ಬರೂ ಮೈ ಮುರಿದು ದುಡಿದಿದ್ದರು.

"ಹಾವು ಹುಪ್ಪಟೆ ಭಯ ಇಲ್ಲ ಮೇಡಂ, ಆರಾಮಾಗಿ ನಡೀರಿ," ಅಂದರು ದೊಡ್ಡಪ್ಪ.

ಸೀರೆ ಅಂಗಡಿ ಕಣ್ಣ ಮುಂದೆ ಬಂತು. ಮೇಡಂ ಸುಣ್ಣದ ಕಲ್ಲು ನೋಡಿದರು, ನನ್ನ ಮುಖ ನೋಡಿದರು. ಹೇಗೂ ನಿಲ್ಲುವ ಹಾಗಿರಲಿಲ್ಲ, ನಡೆದೆವು. ನೀರಿನ ಮೇಲೆ ಒಂದು ಮಿಂಚುಳ್ಳಿ ಹೋಯಿತು, ತೋರಿಸಿದೆ.

ತಿರುವಿನಲ್ಲಿ ಅವರು ಸವರಿದ್ದನ್ನೆಲ್ಲ ರಾಶಿ ಹಾಕಿದ್ದರು. ಹೆಚ್ಚಿನದು ಗಿಲಕಿ ಗಿಡವೇ, ಎರಡು ದಿನದ ಬಿಸಿಲಿಗೆ ಬಾಡಿ ಕಪ್ಪಾಗಿತ್ತು. ನಾವು ಹತ್ತಿರ ಹೋಗುತ್ತಿದ್ದ ಹಾಗೆ ಆ ರಾಶಿ ಎದ್ದು ಹಾರಿತು. ಚಿಟ್ಟೆ. ನೀಲಿ ಪಟ್ಟೆಯವು, ಕಪ್ಪು ಕಂದಿನವು, ಕಿತ್ತಳೆಯವು, ಎಣಿಸುವ ಮಾತೇ ಇಲ್ಲ. ನಮ್ಮ ತಲೆ, ತೋಳು, ದೊಡ್ಡಪ್ಪನ ಇಸ್ತ್ರಿ ಅಂಗಿಯ ಮೇಲೆಲ್ಲ ಒಂದು ಸುತ್ತು ಹಾಕಿ ಮತ್ತೆ ಆ ಒಣ ಕಾಂಡಗಳ ಮೇಲೇ ಇಳಿದವು.

ಮೇಡಂ ದನಿ ತಗ್ಗಿಸಿ ಕೇಳಿದರು, "ಆಚೆ ಗದ್ದೆ ಬದುವಿನಲ್ಲಿ ನೆಟ್ಟಗೆ ನಿಂತ ಗಿಲಕಿ ಗಿಡದ ಮೇಲೆ ಒಂದೂ ಇಲ್ಲ. ಇಲ್ಲಿ ಯಾಕೆ?"

ಕುಂಸಿಯ ಎಮ್ಮೆ ನನ್ನ ಕೈ ಹಿಡಿಯಿತು. ಹೇಳಿದೆ. ಇವೆಲ್ಲ ಹೆಚ್ಚುಕಡಿಮೆ ಗಂಡು ಚಿಟ್ಟೆಗಳು, ಈ ನೀಲಿ ಪಟ್ಟೆಯವುಗಳ ಹಿಂದಿನ ರೆಕ್ಕೆಯಲ್ಲಿ ಸಣ್ಣ ಜೇಬಿನಂಥ ಉಬ್ಬು ಇದೆ ನೋಡಿ ಅಂದೆ. ಗಿಡ ಗಾಯಗೊಂಡು ಬಾಡಿದರೆ ಅದರ ರಸ ಇವಕ್ಕೆ ಸುಲಭವಾಗಿ ಸಿಗುತ್ತೆ, ಅದರಿಂದಲೇ ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಿಕೊಳ್ಳುತ್ತವೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು, ಕೈಗಳು ಕುಣಿಯತೊಡಗಿದವು. ಸವರಿದ್ದರಿಂದ ಇಲ್ಲಿ ಏನೇನು ಹೋಯಿತು, ಎಕ್ಕದ ಹುಳುವಿಗೆ ಏನಾಯಿತು, ಅದನ್ನೂ ಮುಚ್ಚಿಡದೆ ಹೇಳಿದೆ. ಮೇಡಂ ಮೊಣಕಾಲೂರಿ ಕೂತು ಕೇಳಿದರು, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. ನಾನು ಯಾವುದಕ್ಕೂ ತಡವರಿಸಲಿಲ್ಲ.

ದೊಡ್ಡಪ್ಪ ತಮಿಳು ಮಾಮನಿಗೆ ವಿವರಿಸುತ್ತಿದ್ದುದು ನಮಗೂ ಕೇಳಿಸಿತು. "ನಮ್ಮ ಹುಡುಗ್ರು ಸೆಂಟ್ ಹೊಡ್ಕೊಂಡು ಬಸ್‌ಸ್ಟ್ಯಾಂಡಲ್ಲಿ ನಿಲ್ಲಲ್ವೇನಯ್ಯಾ, ಹಾಗೆ." ಮೇಡಂ ನಕ್ಕುಬಿಟ್ಟರು. ಆಮೇಲೆ ಎಕ್ಕದ ಹುಳುವಿನ ಮಾತು ನೆನಪಾಗಿ ದೊಡ್ಡಪ್ಪನ ಮುಖ ಸಣ್ಣಗಾಯಿತು.

ಪಾಸಾದೆ. ಕೆಮಿಸ್ಟ್ರಿ ಸಮೇತ ಎಲ್ಲದರಲ್ಲೂ.

ಕಾಲೇಜಿನ ಪದವಿ ಪ್ರದಾನದ ದಿನ ಮನೆಮಂದಿಯೆಲ್ಲ ಅಪ್ಪನ ಲಗೇಜ್ ಆಟೋದಲ್ಲೇ ಶಿವಮೊಗ್ಗಕ್ಕೆ ಬಂದರು. ವೇದಿಕೆ ಇಳಿದು ಬಂದವಳು ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಒಂದು ಸಲ ಕಣ್ಣಿಗೊತ್ತಿಕೊಂಡು, ದೊಡ್ಡವರು ಎದುರಿಗಿರುವಾಗ ತಾವು ಇಟ್ಟುಕೊಳ್ಳಬಾರದು ಅನ್ನುವ ಹಾಗೆ ತಮ್ಮ ಅಣ್ಣನಿಗೆ ದಾಟಿಸಿದರು. ದೊಡ್ಡಪ್ಪ ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಕೊನೆಗೆ ಅದನ್ನು ಮಡಿಸದೆ ಹುಷಾರಾಗಿ ನನ್ನ ಕೈಗಿಟ್ಟು ಕೇಳಿದರು:

"ಭಾನುವಾರ ಯಾವ ಕಡೆ ಮಗಾ? ನಾನೂ ಬರ್ತೀನಿ. ಕತ್ತಿ ಮನೇಲೇ ಬಿಟ್ಟು ಬರ್ತೀನಿ."