ಹೆಸರು ಕೆತ್ತಿದ ಗಲಿಪೊಲಿ ರೈಫಲ್

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಬೆಳೆದ ಗುರುಬಸವನಿಗೆ ಸಿಪಾಯಿಗಳ ಪರೇಡ್ ನೋಡುವ ಚಟ ಚಿಕ್ಕಂದಿನಿಂದಲೇ ಇತ್ತು. ಮೆಲ್ಬರ್ನ್‌ಗೆ ಬಂದು ಡ್ಯಾಂಡಿನಾಂಗ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನೆಲೆ ನಿಂತ ಮೇಲೆ ಆ ಚಟ ಸೈನ್ಯದ ಹಳೆಯ ರೈಫಲ್‌ಗಳ ಕಡೆ ತಿರುಗಿತು. ಸಂಗ್ರಾಹಕರ ಕ್ಲಬ್ ಸೇರಿದ, ಲೈಸೆನ್ಸ್ ಪಡೆದ, ೨೦೦೭ರಲ್ಲಿ ಮೊದಲ ರೈಫಲ್ ಕೊಂಡ. ಎಲ್ಲ ಭಾಗಗಳ ಮೇಲೂ ಒಂದೇ ನಂಬರ್ ಇದೆ, ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು ಮಾರಿದವನು ಆಣೆ ಹಾಕಿದ್ದ. ಕ್ಲಬ್ಬಿನ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನೋಡಿ ನಕ್ಕರು. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟಿನ ಹಳೆಯ ನಂಬರನ್ನು ಅರದಿಂದ ಉಜ್ಜಿ ತೆಗೆದು, ಹೊಸದನ್ನು ಒತ್ತಿದ್ದರು.

ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ಗುರುಬಸವ ಹಾಗಾದ. ಮಾರಾಟದ ಫೋಟೋ ಕಂಡರೆ, ಅದರಲ್ಲಿ ಯಾವ ಭಾಗವನ್ನು ಬೇಕೆಂದೇ ತೋರಿಸಿಲ್ಲ ಎಂದು ಹುಡುಕುತ್ತಿದ್ದ. ರಜೆ ಸಿಕ್ಕರೆ ಮ್ಯೂಸಿಯಮ್ಮಿಗೆ ಹೋಗಿ ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದ. ಯಾವ ಕಾಲದಲ್ಲಿ ಯಾವ ಮುದ್ರೆ ಒತ್ತುತ್ತಿದ್ದರು, ಯಾವ ಮರ ಬಳಸುತ್ತಿದ್ದರು ಎಂಬುದೇ ಅವನ ಓದು.

ಮರುವರ್ಷ ಸಿಡ್ನಿಯ ಕಾಂತಪ್ಪನವರು ಫೋನ್ ಮಾಡಿದರು. ಉಡುಪಿ ಕಡೆಯವರು, ರೈಲ್ವೆಯ ನಿವೃತ್ತ ಎಂಜಿನಿಯರ್, ಕನ್ನಡ ಸಂಘದಲ್ಲಿ ಪರಿಚಯವಾದವರು. ಅವರ ಬಳಿ ಮಾರಬೇಕೆಂದಿದ್ದ ೧೯೧೫ರ ರೈಫಲ್ ಒಂದಿತ್ತು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸಾವಿರಾರು ಸೈನಿಕರು ಸತ್ತ ಗಲಿಪೊಲಿಯಲ್ಲಿ ಅದು ಇತ್ತಂತೆ. ಅದನ್ನು ಹಿಡಿದು ಹೋರಾಡಿದ ಸೈನಿಕನೇ ಮರದ ಹಿಡಿಯ ಮೇಲೆ ತನ್ನ ಹೆಸರು ಕೆತ್ತಿದ್ದನಂತೆ.

"ಕತಿ ಭಾಳ ಚಂದ ಐತಿ. ಅದಕ್ಕ ನನಗ ಸಂಶಯ," ಎಂದ ಗುರುಬಸವ.

"ನಮ್ಮವರ ಮ್ಯಾಲೂ ಸಂಶಯ ಏನ್ರೀ?" ಎಂದಳು ಹೆಂಡತಿ ಸಂಧ್ಯಾರಾಣಿ. ಆದರೂ ಜೊತೆಗೆ ಹೊರಟಳು.

ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ಮನೆಯಲ್ಲಿ ಕಾಂತಪ್ಪನವರ ಹೆಂಡತಿ ವಿನೋದಾ ಬಿಸಿ ಗೋಳಿಬಜೆ ತಂದಿಟ್ಟರು. ಈ ಉಪಚಾರವೂ ಗುರುಬಸವನಿಗೆ ಸ್ವಲ್ಪ ಹೆಚ್ಚೇ ಎನಿಸಿತು. ಕಾಂತಪ್ಪ ಉಕ್ಕಿನ ಕಪಾಟು ತೆರೆದು ರೈಫಲ್ ತಂದು ಮೇಜಿನ ಮೇಲೆ ಮಲಗಿಸಿದರು. ನಳಿಗೆಯ ಮುದ್ರೆ ಸರಿಯಾಗಿತ್ತು, ನಂಬರುಗಳೂ ಸರಿ. ಗುರುಬಸವ ಹಿಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಮರದ ಎಳೆಗಳನ್ನು ಬೆರಳಿನಿಂದ ಸವರಿ ನೋಡಿದ.

"ಎಂತ ನೋಡ್ತಾ ಇದ್ದೀರಿ ಮಾರಾಯ್ರೆ?" ಎಂದರು ಕಾಂತಪ್ಪ.

"ಅಂಕಲ್, ಕಬ್ಬಿಣ ಖರೇನ ಐತ್ರಿ. ಈ ಮರ ಕೋಚ್‌ವುಡ್. ಇಂಥಾ ಮರ ಹಾಕಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ರಿಪೇರಿ ಮಾಡುವಾಗ ಬದಲು ಮಾಡ್ಯಾರ. ಅಂದಮ್ಯಾಲ ಹೆಸರು ಕೆತ್ತಿದ್ದೂ ಆಮ್ಯಾಲೇ ಅಲ್ರಿ?"

ಕಾಂತಪ್ಪನವರ ಮುಖ ಕೆಂಪಾಯಿತು. "ನಾನು ಮೋಸ ಮಾಡ್ತಾ ಇದ್ದೇನೆ ಅಂತ ಹೇಳುವುದಾ? ನಾನು ಅದನ್ನು ನಂಬಿಯೇ ತಕೊಂಡದ್ದು!"

"ಪ್ರತಿವರ್ಷ ಏಪ್ರಿಲ್‌ನಲ್ಲಿ, ಗಲಿಪೊಲಿಯಲ್ಲಿ ಸತ್ತವರನ್ನು ನೆನೆಯುವ ದಿನ, ಅದರ ಎದುರು ಹೂ ಇಡ್ತಾರೆ ಇವರು," ಎಂದರು ವಿನೋದಾ, ಮೆಲ್ಲಗೆ.

ಕಾಂತಪ್ಪನವರದು ಸಿಟ್ಟೋ ನಟನೆಯೋ ಗುರುಬಸವನಿಗೆ ಅಂದಾಜಾಗಲಿಲ್ಲ. ಅವರು ಎದ್ದು ಇನ್ನೊಂದು ರೈಫಲ್ ತಂದರು. "ಇದನ್ನೂ ನೋಡಿ." ಅದರ ಹಿಂದೆ ಮತ್ತೊಂದು. ಮಧ್ಯಾಹ್ನವೆಲ್ಲ ಅದೇ ಆಯಿತು. ಕೆಲವು ಒಳ್ಳೆಯವು, ಒಂದೆರಡು ಕಲಬೆರಕೆ. ಪ್ರತಿಯೊಂದಕ್ಕೂ ಮುದುಕರು ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತಿದ್ದರು. ತಾನು ಈ ಮನೆಗೆ ಒಂದು ರೋಗ ತಂದೆ ಎಂದು ಗುರುಬಸವನಿಗೆ ಅನ್ನಿಸತೊಡಗಿತು.

ಅವನು ಏನನ್ನೂ ಕೊಳ್ಳದೆ ಹೊರಟ. ಕಾರಿನಲ್ಲಿ ಸಂಧ್ಯಾರಾಣಿ ಕೇಳಿದಳು: "ಅವರಿಗೆ ಖರೇನ ಗೊತ್ತಿದ್ದಿಲ್ಲಂತೀರಿ?"

"ತಿಳೀಲಿಲ್ಲ," ಎಂದ.

ಕೆಲವು ತಿಂಗಳ ನಂತರ ಸಿಡ್ನಿಯಲ್ಲಿ ನಡೆದ ಹಳೆಯ ಆಯುಧಗಳ ಪ್ರದರ್ಶನವೊಂದರಲ್ಲಿ ಆ ರೈಫಲ್ ಕಾಣಿಸಿತು. ಮಾರಾಟಕ್ಕಲ್ಲ. ಮುಂದೆ ಕಾಂತಪ್ಪನವರ ಕೈಬರಹದ ಚೀಟಿಯಿತ್ತು: ರೈಫಲ್ ಅಸಲಿ, ಕೆತ್ತಿದ ಹೆಸರು ನಂತರದ್ದು, ನಾನು ಮೋಸಹೋದೆ. ಅದನ್ನು ಓದಿ ಗುರುಬಸವ ಅವರ ಬಳಿ ಹೋಗಿ ಕೈ ಮುಗಿದ. ಅವರು ಅವನ ತೋಳು ಹಿಡಿದು ಪಕ್ಕದ ಮೇಜಿನತ್ತ ಎಳೆದರು.

"ಬನ್ನಿ, ಅಲ್ಲೊಂದು ಬಯೊನೆಟ್ ಉಂಟು. ಮಾರುವವ ತುಂಬಾ ಒಳ್ಳೆಯವನ ಹಾಗೆ ಕಾಣ್ತಾನೆ. ನನಗೆ ಅದೇ ಹೆದರಿಕೆ."