ಉಪ್ಪಿಟ್ಟು ಊಟವಲ್ಲ

ನಾನು ಹಾಲನ್ನು ಡೇರಿಗೆ ಹಾಕಿ, ರೊಟ್ಟಿ ತಟ್ಟಿ, ಬಟ್ಟೆ ಒಗೆದು ಹರವುವಷ್ಟರಲ್ಲಿ ನಮ್ಮತ್ತೆ ತಲೆ ಸುತ್ತುತ್ತದೆಂದು ಜಗಲಿಯ ಮೇಲೆ ಕೂತುಬಿಟ್ಟರು. ಮತ್ತೆ ಬಿಪಿ. ಈ ಸಲ ಮೈಸೂರಿನ ದೊಡ್ಡಾಸ್ಪತ್ರೆಗೇ ಕಳಿಸುತ್ತಾರೇನೋ ಎಂಬ ಭಯದಲ್ಲೇ ಚಂದಕವಾಡಿಯ ಡಾಕ್ಟರಮ್ಮನ ಬಳಿ ಕರೆದೊಯ್ದೆ.

ಅವರು ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿ, “ಅಜ್ಜಿ, ನಿಮ್ಗೆ ಮಂಗಳವಾರಾನೇ ಯಾಕೆ ತಲೆ ಸುತ್ತುತ್ತೆ? ಸೋಮವಾರ ರಾತ್ರಿ ಮಾತ್ರೆ ತಗೊಳಲ್ವಾ?” ಎಂದರು.

“ಊಟ ಆದ್ಮೇಲೆ ನುಂಗು ಅಂದಿದ್ರಿ. ಸ್ವಾಮಾರ ನಂದು ಒಪ್ಪತ್ತು ಕಣವ್ವ, ರಾತ್ರಿ ಉಣ್ಣಕಿಲ್ಲ. ಬರೀ ಉಪ್ಪಿಟ್ಟು.”

“ಉಪ್ಪಿಟ್ಟು ಊಟ ಅಲ್ವಾ?”

“ಅದ್ನೂ ಊಟ ಅಂದ್ಬುಟ್ರೆ ನನ್ನ ಇಪ್ಪತ್ತೊರ್ಸದ ಒಪ್ಪತ್ತು ಏನಾಗ್ಬೇಕು!”

ಡಾಕ್ಟರಮ್ಮ ವಾದಿಸಲಿಲ್ಲ. ಚೀಟಿಯಲ್ಲಿ ‘ಸೋಮವಾರ, ಫಲಾರದ ನಂತರ’ ಎಂದು ಬರೆದು, ಓದಿ ಹೇಳಿದರು. “ಈಗ ಶಿವನೂ ಒಪ್ತಾನೆ, ಬಿಪಿನೂ ಒಪ್ಪುತ್ತೆ. ಆಯ್ತಾ?”

ಬಸ್ಸಿನಲ್ಲಿ ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಪ್ರತಿ ಸೋಮವಾರ ಉಪ್ಪಿಟ್ಟು ಮಾಡಿಕೊಡುವವಳು ನಾನೇ, ಮಾತ್ರೆ ಆಯಿತೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಈ ಸೋಮವಾರ ಕೇಳಿದೆ. ಅತ್ತೆ ಉಪ್ಪಿಟ್ಟು ತಿಂದು ಮಾತ್ರೆ ನುಂಗಿದರು. ನಾವು ಮುದ್ದೆ ಉಂಡು ಏಳುವಷ್ಟರಲ್ಲಿ ನಿದ್ದೆ ಹೋಗಿದ್ದರು.