ಅತ್ತೆ ಬೆರಳು ಚಾಚಿದ ಬೆಳಗು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಹುಚ್ಚೆಳ್ಳು ಹುರಿಯುತ್ತಿದ್ದರು. ಆ ಘಮ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕಣ್ಣ ಮುಂದೆ ಹಳದಿ ಹೂವಿನ ಸಾಲು, ಅದರ ನಡುವೆ ಒಂದು ಬಿಳಿ ಜಿಂಕೆ ಬಂದು ನಿಂತವು. ನೆನಪು ಹೇಳಿದ್ದನ್ನೆಲ್ಲ ನಂಬುವ ಜಾತಿ ನನ್ನದಲ್ಲ. ಆದರೂ ಕೇಳಿ, ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ದಸರಾ ಬಂತೆಂದರೆ ಊರೂರಿನವರೆಲ್ಲ ಮೈಸೂರಿಗೆ ಬರುವಾಗ ನಾನು ಮೈಸೂರು ಬಿಟ್ಟು ನಮ್ಮೂರು ಹರವೆಗೆ ಹೊರಡುವವನು. ಆ ವರ್ಷ ಮಾತ್ರ ಗುಂಡ್ಲುಪೇಟೆಯಾಚೆ, ಕಾಡಿನಂಚಿನಲ್ಲಿದ್ದ ಸೋದರತ್ತೆ ಚೆನ್ನಾಜಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಗುರುಮಲ್ಲಪ್ಪ ಮಾವ ನಗುತ್ತ ಕೂತಿದ್ದರು. ಅತ್ತೆ ಮುಖ ಊದಿಸಿಕೊಂಡಿದ್ದಳು.

"ಬಾ ಅಳಿಯ. ನಿಮ್ಮತ್ತೆ ಕಣ್ಗೆ ಪೊರೆ ಬಂದದೆ. ಜಿಂಕೆಯೆಲ್ಲ ಬೆಳ್ಳಗೆ ಕಾಣ್ತಾವಂತೆ."

"ಎಲ್ಲ ಅಲ್ಲ, ಒಂದೇ ಒಂದು," ಅಂದಳು ಅತ್ತೆ. "ಮಿಕ್ಕವು ಮಾಮೂಲಿ ಬಣ್ಣವೇ. ಪೊರೆ ಬಂದಿದ್ರೆ ಅದೊಂದ್ಕೇ ಬತ್ತಿತ್ತಾ?"

ತರ್ಕಶಾಸ್ತ್ರದಲ್ಲಿ ಅವಳಿಗೆ ಅವತ್ತೇ ಪದವಿ ಕೊಡಬಹುದಿತ್ತು. ಆದರೆ ಮಾವ ತೀರ್ಮಾನ ಮಾಡಿಬಿಟ್ಟಿದ್ದರು. ರಾಗಿ ಹೊಲದ ಬೆಳಗಿನ ಕಾವಲು ಇನ್ನು ಮೇಲೆ ಅವಳಿಗೆ ಬೇಡ. "ಕಣ್ಣು ಕಾಣ್ದೋಳು ಆನೆ ಎದ್ರುಗೇ ಓಗಿ ನಿಂತ್ಕಂಡ್ರೆ ಏನ್ಲಾ ಮಾಡದು?" ಅವರ ಭಯವೂ ಸುಳ್ಳಲ್ಲ. ಆದರೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿದ ಆ ಮನೆಯಲ್ಲಿ ಅತ್ತೆಗೆ ತನ್ನದೆಂಬ ಹೊತ್ತು ಇದ್ದದ್ದು ಅದೊಂದೇ: ಮೂಡಲು ಕೆಂಪಾಗುವಾಗ, ಪ್ರಾಣಿಗಳನ್ನು ಬಡಿದು ಓಡಿಸುವ ತಗಡಿನ ಡಬ್ಬ ಹಿಡಿದು ಬದುವಿನ ಮೇಲೆ ಒಬ್ಬಳೇ ಕೂರುವುದು.

"ನೀ ಓದ್ದೋನು ಕಣಪ್ಪ," ಎಂದು ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು. "ನಾಳೆ ಬಂದು ನೋಡು. ನೀ ಕಂಡೆ ಅಂದ್ರೆ ನಿಮ್ಮಾವ ಬಾಯ್ ಮುಚ್ಕತಾರೆ."

ಹೋದೆ. ತೊಡಕಿದ್ದದ್ದು ಬೇರೆ ಕಡೆ. ಎಳೆಯ ಸೌತೆಮಿಡಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ ಎನ್ನುವ ನಂಬಿಕೆ ನಿಮ್ಮ ಮನೆಯಲ್ಲೂ ಇದ್ದೀತು. ಅತ್ತೆ ಅದನ್ನು ಹಿಗ್ಗಿಸಿ ತನಗೆ ಮುದ್ದಾದ ಎಲ್ಲದಕ್ಕೂ ಹಚ್ಚಿದ್ದಳು. ಹೊಸ ಕರು, ಕಾಮನಬಿಲ್ಲು, ಚಿಕ್ಕ ಮೊಮ್ಮಗಳು, ಯಾವುದಕ್ಕೂ ಬೆರಳು ತೋರಿಸಳು. ಗಲ್ಲ ಎತ್ತಿ ತೋರಿಸುವಳು. ಅತ್ತೆಯ ಗಲ್ಲವೋ ಅಗಲವಾದದ್ದು. ಒಮ್ಮೆ ಎತ್ತಿದರೆ ಅರ್ಧ ಎಕರೆ ಹೊಲ ಅದರೊಳಗೆ ಬರುತ್ತಿತ್ತು.

"ಅಗೋ, ಅಲ್ಲಿ," ಎಂದು ಪಿಸುಗುಟ್ಟಿ ಗಲ್ಲ ಎತ್ತಿದಳು. ನೋಡಿದೆ. ಬೆಳ್ಳಗೇನೋ ಇತ್ತು. ರೆಕ್ಕೆ ಬಿಚ್ಚಿ ಹಾರಿತು.

"ಅತ್ತೆ, ಅದು ಬೆಳ್ಳಕ್ಕಿ!"

"ಅದಲ್ಲ ಕಣೋ, ಅದ್ರಾಚೆ!"

ನನ್ನ ದನಿಗೆ ಬೆದರಿ ಜಿಂಕೆಗಳ ಹಿಂಡು ಕಾಡು ಸೇರಿತ್ತು. ಮನೆಗೆ ಮರಳುವ ದಾರಿಯುದ್ದಕ್ಕೂ, ಪ್ರಾಣಿಗಳ ಮೈಗೆ ಬಣ್ಣ ಎಲ್ಲಿಂದ ಬರುತ್ತದೆ, ಯಾಕೆ ತಪ್ಪುತ್ತದೆ ಎಂದು ಪುಸ್ತಕದ ಪದಗಳನ್ನೆಲ್ಲ ಸುರಿದೆ. ಅತ್ತೆ ಸಹನೆಯಿಂದ ಕೇಳಿ ಅಂದಳು: "ಹೆಸ್ರೆಲ್ಲ ಗೊತ್ತದೆ ನಿಂಗೆ. ನೋಡದೊಂದು ಬರಾಕಿಲ್ಲ."

ಮಾವ ಕೇಳಿದಾಗ ಕಂಡದ್ದನ್ನೇ ಹೇಳಿದೆ: ಬೆಳ್ಳಕ್ಕಿ. ಸತ್ಯವನ್ನೇ ಹೇಳಿ ಒಬ್ಬರನ್ನು ಸುಳ್ಳಾಗಿಸಬಹುದೆಂದು ಅವತ್ತು ತಿಳಿಯಿತು. ಮಾವ ತೊಡೆ ತಟ್ಟಿಕೊಂಡು ನಕ್ಕರು. ಅತ್ತೆ ಡಬ್ಬವನ್ನು ಗೂಟಕ್ಕೆ ನೇತುಹಾಕಿ, ಗೋಡೆಗೆ ಮುಖ ಮಾಡಿಯೇ ಹೇಳಿದಳು: "ನಾಳೆ ಒಂದಿನ ನೀವೂ ಬನ್ನಿ. ಆಮೇಲೆ ಕೇಳಾಕಿಲ್ಲ."

ಮರುದಿನ ಮೂವರೂ ಬದುವಿನ ಮೇಲೆ ಕೂತೆವು. ರಾಗಿಯ ಸುತ್ತ ಹುಚ್ಚೆಳ್ಳಿನ ಸಾಲು ಮೈತುಂಬ ಹೂ ಬಿಟ್ಟಿತ್ತು. ಅತ್ತೆಯ ಗಲ್ಲ ಮೇಲೆದ್ದಿತು.

"ಎಲ್ಲಿ? ಎಲ್ಲಿ?" ಎಂದು ಮಾವ ಕತ್ತು ಹೊರಳಿಸಿದರು. "ಗಲ್ಲ ಬುಟ್ಟು ಬೆರಳು ತೋರ್ಸು!"

ಅತ್ತೆ ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ತೋಳನ್ನು ಪೂರಾ ಚಾಚಿ, ತೋರುಬೆರಳನ್ನು ನೆಟ್ಟಗೆ ಹಿಡಿದಳು.

ಆ ಬೆರಳ ತುದಿಯಲ್ಲಿ ಅದು ನಿಂತಿತ್ತು. ಐದಾರು ಚುಕ್ಕೆ ಜಿಂಕೆಗಳ ನಡುವೆ, ಚುಕ್ಕೆಯೇ ಇಲ್ಲದ ಒಂದು ಹೆಣ್ಣು ಜಿಂಕೆ, ಆಗ ತಾನೆ ಕಡೆದು ತೆಗೆದ ಬೆಣ್ಣೆಯ ಹಾಗೆ. ಎಳೆಬಿಸಿಲು ಹಾಯ್ದು ಕಿವಿಗಳು ಗುಲಾಬಿಯಾಗಿದ್ದವು. ಬೆನ್ನ ಮೇಲೆ ನಾಲ್ಕು ಹಳದಿ ಎಸಳು. ಮಾವ ತಲೆಯ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಡಬ್ಬ ಬಡಿಯುವುದು ಯಾರಿಗೂ ನೆನಪಾಗಲಿಲ್ಲ. ರಾಗಿಯನ್ನು ಅದು ನೆಮ್ಮದಿಯಾಗಿ ತಿಂದಿತು.

ಹಿಂಡು ಹೋದ ಮೇಲೆ ಅತ್ತೆ ಆ ಬೆರಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿಕೊಂಡಳು. "ಕಚ್ಚುದ್ರೆ ದೋಷ ಓಯ್ತದೆ," ಅಂದಳು.

"ಇವಳೇ, ಪೊರೆ ಬಂದಿರದು ನಂಗೇ ಇರ್ಬೇಕು. ನಾಳಿಂದ ನಾನೂ ಬತ್ತೀನಿ," ಅಂದರು ಮಾವ.

"ಬ್ಯಾಡ. ಎಲ್ಲಿ ಎಲ್ಲಿ ಅಂತ ಕೂಗಿ ಓಡಿಸ್ಬುಡ್ತೀರಿ. ನಾನೊಬ್ಳೇ ಓಯ್ತೀನಿ."

ಮೂವರೂ ಬದುವಿನ ಮೇಲೆ ಬಿದ್ದು ಬಿದ್ದು ನಕ್ಕೆವು.

ಇಷ್ಟು ಬರೆದ ಮೇಲೆ, ನನ್ನ ಚಾಳಿಯಂತೆ, ಆ ವರ್ಷದ ದಿನಚರಿ ತೆಗೆದು ನೋಡಿದೆ. ಮೊದಲ ದಿನದ ಪುಟ ತುಂಬಿದೆ: "ಅತ್ತೆ ಕಂಡದ್ದು ಬೆಳ್ಳಕ್ಕಿ. ಖಚಿತ." ಖಚಿತ ಎಂಬುದರ ಕೆಳಗೆ ಎರಡು ಗೆರೆ. ಮರುದಿನದ ಪುಟದಲ್ಲಿ ಒಂದಕ್ಷರವೂ ಇಲ್ಲ. ನಾಲ್ಕು ವರ್ಷದ ದಿನಚರಿಯಲ್ಲಿ ಖಾಲಿ ಬಿದ್ದ ಪುಟ ಅದೊಂದೇ. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂದುಕೊಳ್ಳುವ ಮನುಷ್ಯ ನಾನು. ಇವತ್ತು ಮಾತ್ರ ಆ ಖಾಲಿ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತೆ. ಅವತ್ತು ಇಡೀ ಹಗಲು ಊರಿನ ಮನೆ ಮನೆಗೆ ಹೋಗಿ, "ನಮ್ಮತ್ತೆ ಹೇಳಿದ್ದು ನಿಜ" ಎಂದು ಸಾರುತ್ತಿದ್ದೆ, ಬರೆಯಲು ಪುರುಸೊತ್ತೆಲ್ಲಿತ್ತು!